ಮುಂಬಯಿಯ ಬಡ್ಡಿ, ಹುನಗುಂದದ ಉಳ್ಳಾಗಡ್ಡಿ

ಹುನಗುಂದದ ಎರೆನೆಲವನ್ನು ಕಂಡವರಿಗೆ ಒಡ್ಡಿನ ಮಹತ್ವವನ್ನು ಬೇರೆಯಾಗಿ ಬಣ್ಣಿಸಬೇಕಾದುದಿಲ್ಲ. ಇಲ್ಲಿ ಮಳೆ ಬರುವುದೇ ಕಡಿಮೆ. ಬಂದಾಗ ಒಮ್ಮೊಮ್ಮೆ ವರ್ಷದ ಮುನಿಸನ್ನೆಲ್ಲ ಒಂದೇ ರಾತ್ರಿಯಲ್ಲಿ ತೀರಿಸಿಕೊಳ್ಳುವಂತೆ ಬರುತ್ತದೆ. ಒಡ್ಡು ತೀರ ತಗ್ಗಾದರೆ ನೀರಿನೊಡನೆ ಮಣ್ಣೂ ಕೊಚ್ಚಿಹೋಗುತ್ತದೆ. ತೀರ ಎತ್ತರವಾದರೆ ನೀರು ಮಡುಗಟ್ಟಿ ಬೇರು ಕೊಳೆಯುತ್ತದೆ. ಎಷ್ಟು ಎತ್ತರ ಕಟ್ಟಬೇಕು, ಕೋಡಿಯನ್ನು ಎಲ್ಲಿ ಬಿಡಬೇಕು ಎಂಬುದನ್ನು ನಮ್ಮ ಹಿರಿಯರು ಹೊಲದ ಇಳಿಜಾರು, ಮಣ್ಣಿನ ಗುಣ, ಹಿಂದಿನ ವರ್ಷಗಳ ಮಳೆ ಇವುಗಳನ್ನು ನೋಡಿ ನಿರ್ಣಯಿಸುತ್ತಿದ್ದರು. ಅವರ ಕೈಯಲ್ಲಿ ಕಾಗದವಿರಲಿಲ್ಲ; ಆದರೆ ಲೆಕ್ಕವಿತ್ತು.

ದೇಶದ ಹಣಕಾಸಿನ ಹೊಲಕ್ಕೂ ಇಂತಹದೇ ಒಂದು ಒಡ್ಡುಂಟು. ಅದರ ಹೆಸರು ಬಡ್ಡಿಯ ದರ. ಅದನ್ನು ಏರಿಸುವವರೂ ಇಳಿಸುವವರೂ ಮುಂಬಯಿಯಲ್ಲಿ ಕುಳಿತ ಆರು ಜನ. ನಾನು ಅರ್ಥಶಾಸ್ತ್ರದ ಅಧ್ಯಾಪಕನಲ್ಲ, ಕನ್ನಡ ಕಲಿಸುವವನು. ಆದರೂ ಈ ವಿಷಯವನ್ನು ಕುರಿತು ಬರೆಯುವ ಸಾಹಸಕ್ಕೆ ಕೈಯಿಕ್ಕಿದುದಕ್ಕೆ ಕಾರಣ ನನ್ನ ಒಬ್ಬ ವಿದ್ಯಾರ್ಥಿ.

2025ರ ಡಿಸೆಂಬರ್ ತಿಂಗಳ ಮೊದಲ ವಾರ. ರಿಜರ್ವ್ ಬ್ಯಾಂಕು ತನ್ನ ರೆಪೊ ದರವನ್ನು ಶೇಕಡಾ 5.50ರಿಂದ 5.25ಕ್ಕೆ ಇಳಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಬೆಲೆಗಳು ಇಳಿದಿವೆ, ಆದುದರಿಂದ ಬಡ್ಡಿಯನ್ನೂ ಇಳಿಸಲು ಅವಕಾಶವಾಯಿತು ಎಂಬುದು ಅದರ ಸಾರ. ತರಗತಿಯಲ್ಲಿ ಪತ್ರಿಕಾಭಾಷೆಯ ಪಾಠಕ್ಕೆಂದು ಆ ಸುದ್ದಿಯನ್ನು ಓದಿಸಿದೆ. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ರೇಟ್ ಇಳದದ್ದು ಚಲೋ ಸುದ್ದಿ ಅಂತ ಬರದಾರ. ನಮ್ಮ ಹೊಲದಾಗ ಉಳ್ಳಾಗಡ್ಡಿ ಕಿತ್ತ ಕೂಲಿ ಸೈತ ಹೊರಡಲಿಲ್ಲ. ಇದು ಯಾರಿಗೆ ಚಲೋ?”

ತರಗತಿ ನಕ್ಕಿತು. ನಾನು ನಗಲಿಲ್ಲ. ಕಾವ್ಯವನ್ನು ಓದಿಸುವಾಗ ‘ಇದನ್ನು ಯಾರು ಯಾರಿಗೆ ಹೇಳಿದರು?’ ಎಂದು ಕೇಳುವುದು ನಮ್ಮ ವೃತ್ತಿಯ ಮೊದಲ ಪ್ರಶ್ನೆ. ಅದನ್ನೇ ಆ ಹುಡುಗ ಒಂದು ಅಂಕಿಗೆ ಕೇಳಿದ್ದ. ಆ ದಿನ ನನ್ನಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ರೆಪೊ ಎಂದರೇನೆಂಬುದನ್ನು ತಿಳಿಯೋಣ. ಬ್ಯಾಂಕುಗಳಿಗೂ ಒಮ್ಮೊಮ್ಮೆ ಕೈಗಡದ ಅವಶ್ಯಕತೆ ಬೀಳುತ್ತದೆ. ಆಗ ಅವು ಸರಕಾರದ ಸಾಲಪತ್ರಗಳನ್ನು ಒತ್ತೆಯಿಟ್ಟು ರಿಜರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಹಣ ತರುತ್ತವೆ. ಆ ಕೈಗಡದ ಬಡ್ಡಿಯೇ ರೆಪೊ ದರ. ಮೂಲದಲ್ಲಿ ನೀರು ತುಟ್ಟಿಯಾದರೆ ಕಾಲುವೆಯ ಕೊನೆಯಲ್ಲಿಯೂ ತುಟ್ಟಿಯಾಗುವುದು ಸಹಜ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡುವ, ಬದಲಾಗುವ ಬಡ್ಡಿಯ ಮನೆ ಸಾಲಗಳನ್ನು ಇಂತಹ ಹೊರಗಿನ ಅಳತೆಗೋಲಿಗೆ ಕಟ್ಟಬೇಕೆಂಬ ನಿಯಮ ಬಂದಿತು. ಇದರ ಬಿಸಿ ನನಗೂ ತಟ್ಟಿದೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇಕಡಾ 4ರಿಂದ 6.50ಕ್ಕೆ ಏರಿದಾಗ ನನ್ನ ಮನೆಸಾಲದ ಕಂತು ಒಂದು ರೂಪಾಯಿಯೂ ಬೆಳೆಯಲಿಲ್ಲ. ಬೆಳೆದದ್ದು ಕಂತುಗಳ ಸಂಖ್ಯೆ. ನಿವೃತ್ತಿಯ ದಿನಕ್ಕೆ ಮುಗಿಯಬೇಕಾಗಿದ್ದ ಸಾಲ ನಿವೃತ್ತಿಯನ್ನೂ ದಾಟಿ ನನ್ನನ್ನು ಹಿಂಬಾಲಿಸುವ ಸಂಕಲ್ಪ ಮಾಡಿತು.

ಈ ಆರು ಜನರ ಸಮಿತಿಗೆ ಹಣಕಾಸು ನೀತಿ ಸಮಿತಿಯೆಂದು ಹೆಸರು. 1934ರ ರಿಜರ್ವ್ ಬ್ಯಾಂಕ್ ಕಾಯಿದೆಗೆ 2016ರಲ್ಲಿ ತಿದ್ದುಪಡಿ ಮಾಡಿ ಇದನ್ನು ರಚಿಸಿದರು. ಮೂವರು ಬ್ಯಾಂಕಿನವರು, ಮೂವರು ಕೇಂದ್ರ ಸರಕಾರ ನೇಮಿಸುವ ಹೊರಗಿನವರು. ಮತಗಳು ಸಮನಾದರೆ ಗವರ್ನರರ ನಿರ್ಣಾಯಕ ಮತ. ಇವರಿಗೆ ಸರಕಾರ ಕೊಟ್ಟ ಗುರಿ ಗ್ರಾಹಕ ಬೆಲೆಗಳ ಏರಿಕೆಯನ್ನು ವರ್ಷಕ್ಕೆ ಶೇಕಡಾ 4ರ ಆಸುಪಾಸಿನಲ್ಲಿ ಇರಿಸುವುದು. ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸರಿದರೆ ಕ್ಷಮೆ. 2016ರಲ್ಲಿ ಗೊತ್ತುಪಡಿಸಿದ ಈ ಗುರಿಯನ್ನು 2021ರಲ್ಲಿ ಮತ್ತೈದು ವರ್ಷಗಳಿಗೆ ಮುಂದುವರಿಸಿದರು. ಸತತ ಮೂರು ತ್ರೈಮಾಸಿಕಗಳಲ್ಲಿ ಸರಾಸರಿ ಏರಿಕೆ ಈ ಮೇರೆಯನ್ನು ದಾಟಿದರೆ, ಏಕೆ ದಾಟಿತೆಂದು ಬ್ಯಾಂಕು ಸರಕಾರಕ್ಕೆ ಬರೆದುಕೊಡತಕ್ಕದ್ದು. 2022ರಲ್ಲಿ ಅಂತಹ ಪ್ರಸಂಗ ಬಂದೂ ಬಂದಿತು. ಆ ವರ್ಷದ ನವೆಂಬರದಲ್ಲಿ ಸಮಿತಿ ಅದಕ್ಕಾಗಿಯೇ ಸೇರಿತು.

ಹಾಗಾದರೆ ಸಕಲವೂ ನಿಂತಿರುವುದು ಒಂದು ಅಂಕಿಯ ಮೇಲೆ. ಆ ಅಂಕಿ ಹುಟ್ಟುವುದೆಲ್ಲಿ? ಅದು ಹುಟ್ಟುವುದು ಸಂತೆಯಲ್ಲಿ. ಅಂಕಿ-ಅಂಶ ಇಲಾಖೆಯ ನೌಕರರು ತಿಂಗಳು ತಿಂಗಳು ಗೊತ್ತಾದ ಅಂಗಡಿಗಳಿಗೆ ಹೋಗಿ ಅಕ್ಕಿ, ಜೋಳ, ಬೇಳೆ, ಎಣ್ಣೆ, ಸೀರೆ, ಔಷಧಿ, ಬಸ್ಸಿನ ದರ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. 2012ನ್ನು ಮೂಲವರ್ಷವಾಗಿ ಹಿಡಿದ ಸರಣಿಯಲ್ಲಿ 1181 ಹಳ್ಳಿಗಳಿಂದಲೂ 310 ಪಟ್ಟಣಗಳ 1114 ಮಾರುಕಟ್ಟೆಗಳಿಂದಲೂ ಬೆಲೆಗಳನ್ನು ಸಂಗ್ರಹಿಸುತ್ತಿದ್ದರು.

ಎಲ್ಲ ವಸ್ತುಗಳಿಗೂ ಒಂದೇ ಮರ್ಯಾದೆಯಿಲ್ಲ. ಛಂದಸ್ಸನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕಣ್ಣಿಗೆ ಎರಡೂ ಒಂದೊಂದೇ ಅಕ್ಷರ. ಪದ್ಯದ ನಡೆಯಲ್ಲಿ ತೂಕ ಬೇರೆ. ಹಾಗೆಯೇ ಕುಟುಂಬಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಎಂಬುದನ್ನು ಸಮೀಕ್ಷೆಯಿಂದ ತಿಳಿದು, ಅದರಂತೆ ಪ್ರತಿಯೊಂದು ವಸ್ತುವಿಗೂ ತೂಕ ಕೊಡುತ್ತಾರೆ. 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ ನೂರಕ್ಕೆ 45.86. ಅರ್ಥಾತ್ ಆಗ ದೇಶದ ಬಡ್ಡಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಅಡಿಗೆಮನೆಯದಾಗಿತ್ತು. ಆ ತೂಕಗಳು 2011-12ರ ಸಮೀಕ್ಷೆಯಿಂದ ಬಂದವು. ಜನರ ಊಟ, ಉಡುಪು, ಸಂಚಾರ ಬದಲಾದ ಬಹುಕಾಲದ ಮೇಲೆಯೂ ಹಳೆಯ ತೂಕದಲ್ಲಿಯೇ ಅಳೆಯುತ್ತಿದ್ದರು. ತಕ್ಕಡಿ ಸುಳ್ಳಾಡದಿದ್ದರೂ ಬೊಟ್ಟು ಸವೆದಿರಬಹುದು ಎಂಬುದನ್ನು ವ್ಯಾಪಾರ ಬಲ್ಲವರೆಲ್ಲರೂ ಅರಿಯುತ್ತಾರೆ.

ಇನ್ನು ಆ ಹುಡುಗನ ಉಳ್ಳಾಗಡ್ಡಿಗೆ ಬರೋಣ. 2024ರ ಅಕ್ಟೋಬರದಲ್ಲಿ ಗ್ರಾಹಕ ಬೆಲೆಗಳ ಏರಿಕೆ ಶೇಕಡಾ 6.21 ಇತ್ತು, ಕಾಯಿಪಲ್ಯಗಳ ಏರಿಕೆಯೊಂದೇ ಶೇಕಡಾ 42.18. ಮೇರೆಯನ್ನು ದಾಟಿದ ಈ ಅಂಕಿಯನ್ನು ಮುಂದಿಟ್ಟುಕೊಂಡು ಆ ವರ್ಷದ ಡಿಸೆಂಬರ್ 6ರಂದು ಸಮಿತಿ ಬಡ್ಡಿಯನ್ನು 6.50ರಲ್ಲಿಯೇ ನಿಲ್ಲಿಸಿತು. ಆದರೆ ಆರರಲ್ಲಿ ಇಬ್ಬರು, ಇಳಿಸಬೇಕೆಂದು ಮತ ಕೊಟ್ಟರು. ಅಂಕಿ ಒಂದೇ, ಓದು ಎರಡು! ಕಾಯಿಪಲ್ಯದ ತುಟ್ಟಿ ಮಳೆಯಿಂದ ಬಂದುದು, ಅದು ತಾನಾಗಿಯೇ ಇಳಿಯುತ್ತದೆ, ಅದಕ್ಕೆ ಬಡ್ಡಿಯ ಮದ್ದು ಏಕೆ ಎಂಬುದು ಒಂದು ಪಕ್ಷ. ಅಡಿಗೆಮನೆಯ ತುಟ್ಟಿ ಜನರ ಮನಸ್ಸಿನಲ್ಲಿ ಬೇರುಬಿಟ್ಟರೆ ಕೂಲಿ, ಬಾಡಿಗೆ ಎಲ್ಲವನ್ನೂ ಏರಿಸುತ್ತದೆ, ಆದುದರಿಂದ ತಾಳ್ಮೆ ಬೇಕು ಎಂಬುದು ಇನ್ನೊಂದು ಪಕ್ಷ. ಸಮಿತಿಯ ನಡವಳಿಕೆಯನ್ನು ಸಭೆಯಾದ ಹದಿನಾಲ್ಕನೆಯ ದಿನ ಪ್ರಕಟಿಸಬೇಕೆಂಬ ಕಟ್ಟಳೆಯುಂಟು. ಪ್ರತಿಯೊಬ್ಬ ಸದಸ್ಯನ ವಾದವೂ ಅದರಲ್ಲಿರುತ್ತದೆ. ವ್ಯಾಖ್ಯಾನಗಳನ್ನು ಓದುವ ರುಚಿಯುಳ್ಳವರು ಅದನ್ನೊಮ್ಮೆ ಓದಿ ನೋಡಬೇಕು.

ಒಂದು ವರ್ಷ ಕಳೆಯಿತು. 2025ರ ಅಕ್ಟೋಬರದಲ್ಲಿ ಅದೇ ಏರಿಕೆ ಶೇಕಡಾ 0.25ಕ್ಕೆ ಇಳಿಯಿತು, ಕಾಯಿಪಲ್ಯಗಳ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡಾ 27.57ರಷ್ಟು, ಬೇಳೆಕಾಳುಗಳದು ಶೇಕಡಾ 16.15ರಷ್ಟು ಕೆಳಗಿದ್ದವು. ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯನ್ನು ಇಳಿಸಿದ್ದೂ ಇದಕ್ಕೆ ಸಹಾಯಕವಾಯಿತು. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಏರಿಕೆಯನ್ನು ಅಳೆಯುವುದು ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ. ಎತ್ತರದ ಮನುಷ್ಯನ ಪಕ್ಕದಲ್ಲಿ ನಿಂತವನು ಗಿಡ್ಡನಾಗಿ ಕಾಣುವುದು ಅವನ ತಪ್ಪಲ್ಲ. 2023ರ ಅಕ್ಟೋಬರದಲ್ಲಿ ನೂರು ರೂಪಾಯಿಗೆ ಸಿಕ್ಕುತ್ತಿದ್ದ ಕಾಯಿಪಲ್ಯ 2024ರಲ್ಲಿ 142 ರೂಪಾಯಿಯಾಗಿ, 2025ರಲ್ಲಿ 103 ರೂಪಾಯಿಗೆ ಬಂದು ನಿಂತಿತು ಎಂದು ಲೆಕ್ಕ ಹೇಳುತ್ತದೆ. ಎರಡು ವರ್ಷಗಳ ಒಟ್ಟು ಗಳಿಕೆ ಮೂರು ರೂಪಾಯಿ! ಅದೂ ಪೇಟೆಯಲ್ಲಿ ಕೊಳ್ಳುವವನು ಕೊಟ್ಟ ಬೆಲೆ. ಹೊಲದಲ್ಲಿ ಬೆಳೆದವನ ಕೈಸೇರಿದ ಬೆಲೆಯಲ್ಲ. ನಡುವೆ ಚೀಲ, ಲಾರಿ, ಹಮಾಲಿ, ಅಡತಿ ಎಲ್ಲವೂ ಉಂಟು.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಕ್ಕುತ್ತದೆ. ಆ ಸೂಚ್ಯಂಕದ ಹೆಸರೇ ಗ್ರಾಹಕರ ಬೆಲೆಯ ಸೂಚ್ಯಂಕ. ಅದು ಕೊಳ್ಳುವವನ ಕಣ್ಣಿನಿಂದ ಸಂತೆಯನ್ನು ನೋಡುತ್ತದೆ. ಮಾರುವವನ ಕಣ್ಣು ಅದಕ್ಕಿಲ್ಲ. ಇದು ಸುಳ್ಳಲ್ಲ, ಮೋಸವೂ ಅಲ್ಲ, ಒಂದು ದೃಷ್ಟಿಕೋನ. ತೊಂದರೆ ಹುಟ್ಟುವುದು ಆ ದೃಷ್ಟಿಕೋನವನ್ನೇ ದೇಶದ ದೃಷ್ಟಿಯೆಂದು ಬಗೆದಾಗ. ಉಳ್ಳಾಗಡ್ಡಿ ತುಟ್ಟಿಯಾದಾಗ ಸರಕಾರ ಎಷ್ಟು ಬೇಗ ಎಚ್ಚರಗೊಳ್ಳುತ್ತದೆಂಬುದನ್ನು ನಾವು ಕಂಡಿದ್ದೇವೆ. 2023ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇಕಡಾ 40 ಸುಂಕ ಬಂದಿತು. ಡಿಸೆಂಬರದಲ್ಲಿ ರಫ್ತನ್ನೇ ನಿಷೇಧಿಸಿದರು. 2024ರ ಮೇ ತಿಂಗಳಲ್ಲಿ ನಿಷೇಧ ತೆರವಾದರೂ ಸುಂಕ ಪೂರ್ತಿಯಾಗಿ ಹೋದದ್ದು 2025ರ ಏಪ್ರಿಲ್ 1ರಂದು. ಬೆಲೆ ಬಿದ್ದಾಗ ಅದೇ ಎಚ್ಚರ ಅದೇ ವೇಗದಲ್ಲಿ ಬರುವುದಿಲ್ಲವೆಂಬುದು ನಮ್ಮ ಭಾಗದ ರೈತನ ದೂರು. ಈ ದೂರನ್ನು ಅಲ್ಲಗಳೆಯುವುದು ಕಷ್ಟ.

ಆದರೂ ನ್ಯಾಯಕ್ಕಾಗಿ ಒಂದು ಮಾತನ್ನು ಹೇಳಲೇಬೇಕು. ಬಡ್ಡಿಯ ದರ ಉಳ್ಳಾಗಡ್ಡಿಯನ್ನು ಬೆಳೆಸಲಾರದು, ಕೊಳೆಯದಂತೆ ಕಾಯಲಾರದು. ಅದು ಒಂದೇ ಒಂದು ಉಪಕರಣ. ಇಡಿಯ ದೇಶಕ್ಕೆ ಒಂದೇ. ಆದುದರಿಂದಲೇ ಬ್ಯಾಂಕಿನವರು ಒಂದು ಅಂಕಿಯನ್ನು ನಂಬಿ ಕೂಡುವುದಿಲ್ಲ. ಆಹಾರ ಮತ್ತು ಇಂಧನಗಳನ್ನು ತೆಗೆದಿಟ್ಟು ಉಳಿದವುಗಳ ಏರಿಕೆಯನ್ನು ಬೇರೆಯಾಗಿ ನೋಡುತ್ತಾರೆ. 2025ರ ಅಕ್ಟೋಬರದಲ್ಲಿ ಒಟ್ಟು ಏರಿಕೆ ಸೊನ್ನೆಯ ಹತ್ತಿರವಿದ್ದಾಗಲೂ ಈ ತಿರುಳಿನ ಏರಿಕೆ ಶೇಕಡಾ 4ಕ್ಕಿಂತ ಮೇಲೆಯೇ ಇತ್ತು. ಬಂಗಾರದ ತುಟ್ಟಿ ಅದಕ್ಕೊಂದು ಮುಖ್ಯ ಕಾರಣ. ದೇಶದ ಉತ್ಪನ್ನದ ಬೆಳವಣಿಗೆ, ಕಾರಖಾನೆಗಳ ದುಡಿಮೆ, ಮಳೆಯ ಪ್ರಮಾಣ, ಬಿತ್ತನೆಯ ವಿಸ್ತಾರ, ಕಚ್ಚಾ ಎಣ್ಣೆಯ ಬೆಲೆ, ರೂಪಾಯಿಯ ವಿನಿಮಯ ಎಲ್ಲವೂ ಅವರ ಮೇಜಿಗೆ ಬರುತ್ತವೆ. ಹೊಲದ ಹದವನ್ನು ನೋಡುವ ರೈತ ಮೇಲಿನ ಮಣ್ಣನ್ನಷ್ಟೇ ಮುಟ್ಟಿ ಬಿತ್ತುವುದಿಲ್ಲ. ಒಂದು ಗೇಣು ಅಗೆದು, ಒಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾನೆ. ಇವರದೂ ಅದೇ ಕೆಲಸ.

ಅಂಕಿಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ತುರ್ಕಸ್ತಾನದ ಕಥೆ ಸಾಕು. 2021ರಲ್ಲಿ ಬೆಲೆಗಳು ಏರುತ್ತಿದ್ದಾಗಲೇ ಅಲ್ಲಿ ಬಡ್ಡಿಯನ್ನು ಇಳಿಸುತ್ತ ಹೋದರು. 2022ರ ಅಕ್ಟೋಬರಕ್ಕೆ ಏರಿಕೆ ಶೇಕಡಾ 85ನ್ನು ದಾಟಿತು. ಅಂತಹ ತುಟ್ಟಿಯಲ್ಲಿ ಮೊದಲು ಸಾಯುವುದು ಸಂಬಳದವನ ಊಟ, ಕೂಲಿಯವನ ರೊಟ್ಟಿ. ಹುನಗುಂದದ ರೈತನೂ ಎಣ್ಣೆ, ಸಕ್ಕರೆ, ಅರಿವೆ, ಗೊಬ್ಬರಗಳನ್ನು ಕೊಳ್ಳುವವನೇ ಎಂಬುದನ್ನು ಮರೆಯಲಾಗದು.

ಬೆಲೆಯ ಅಂಕಿಯನ್ನು ನೋಡಿ ಸರಕಾರ ಹೆಜ್ಜೆಯಿಡುವುದು ನಮ್ಮ ನೆಲಕ್ಕೆ ಹೊಸದಲ್ಲ. 1876-78ರ ಭೀಕರ ಬರದಲ್ಲಿ ಹುನಗುಂದವು ಕಲಾದಗಿ ಜಿಲ್ಲೆಯಲ್ಲಿತ್ತು. ಆ ಬರ ಈ ಜಿಲ್ಲೆಯನ್ನು ಹಿಂಡಿ ಹಿಪ್ಪೆ ಮಾಡಿತು. 1880ರ ಬರ ಆಯೋಗದ ತರುವಾಯ ರಚಿತವಾದ ಬರ ಸಂಹಿತೆಗಳು, ಕಾಳಿನ ಬೆಲೆ ಏರುವುದನ್ನೂ ಜನ ಗುಳೆ ಹೋಗುವುದನ್ನೂ ಬರದ ಮುನ್ಸೂಚನೆಗಳೆಂದು ಎಣಿಸಿದವು. ಸಂಶಯವಿದ್ದರೆ ಪರೀಕ್ಷೆಗೆಂದು ಕಾಮಗಾರಿಗಳನ್ನು ತೆರೆದು ಎಷ್ಟು ಜನ ಬರುತ್ತಾರೆಂದು ಎಣಿಸುತ್ತಿದ್ದರು. ಕಲ್ಲು ಒಡೆಯಲು ಬಂದವರ ತಲೆಯೆಣಿಕೆಯೇ ಅಂದಿನ ಅಂಕಿ-ಅಂಶ. ಅಂಕಿಯ ಹಿಂದೆ ಹೊಟ್ಟೆಯಿದೆ ಎಂಬುದು ಆಗ ಕಣ್ಣಿಗೆ ಕಾಣುತ್ತಿತ್ತು.

ಬಡ್ಡಿಯ ಇತಿಹಾಸದಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವುಂಟು. ಮಂಗಳೂರಿನ ಕಡೆಯ ಬೆನೆಗಲ್ ಮನೆತನದ ರಾಮರಾಯರು 1949ರಿಂದ 1957ರವರೆಗೆ ರಿಜರ್ವ್ ಬ್ಯಾಂಕಿನ ಗವರ್ನರರಾಗಿದ್ದರು. ರಾಜ್ಯಾಂಗದ ಸಲಹೆಗಾರರಾಗಿದ್ದ ಬಿ. ಎನ್. ರಾಯರು ಇವರ ಸೋದರರು. 1935ರಿಂದ ಶೇಕಡಾ 3ರಲ್ಲಿ ಮಲಗಿದ್ದ ಬ್ಯಾಂಕ್ ದರವನ್ನು ಕೊರಿಯಾ ಯುದ್ಧದ ಕಾಲದ ತುಟ್ಟಿಯನ್ನು ಕಂಡು 1951ರ ನವೆಂಬರದಲ್ಲಿ 3.5ಕ್ಕೆ ಏರಿಸಿದುದು ಇವರ ಕಾಲದಲ್ಲಿ. 1956ರ ಕೊನೆಗೆ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸಿದರು. ಇದು ಹಿಂಬಾಗಿಲಿನಿಂದ ಬಡ್ಡಿಯನ್ನು ಏರಿಸಿದಂತೆ, ಆ ಅಧಿಕಾರ ಬ್ಯಾಂಕಿನದು ಎಂದು ರಾಮರಾಯರು ಆಕ್ಷೇಪಿಸಿದರು. ಪ್ರಧಾನಿ ನೆಹರೂ ಮಂತ್ರಿಯ ಪಕ್ಷವನ್ನೇ ಹಿಡಿದರು. 1957ರ ಜನವರಿಯಲ್ಲಿ ರಾಮರಾಯರು ರಾಜೀನಾಮೆಯಿತ್ತರು. ಒಡ್ಡಿನ ಎತ್ತರವನ್ನು ಯಾರು ನಿರ್ಣಯಿಸಬೇಕು ಎಂಬ ಆ ವಾದಕ್ಕೆ ಕಾಯಿದೆಯಲ್ಲಿ ಒಂದು ಸ್ಪಷ್ಟ ಉತ್ತರ ದೊರೆತದ್ದು 2016ರಲ್ಲಿ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ತಟ್ಟುವುದು ರಾಮರಾಯರ ಕಾಲದ ಇನ್ನೊಂದು ಕೆಲಸ. ಹಳ್ಳಿಗರು ಸಾಲವನ್ನು ಎಲ್ಲಿಂದ ತರುತ್ತಾರೆಂದು ತಿಳಿಯಲು ರಿಜರ್ವ್ ಬ್ಯಾಂಕು 1951-52ರಲ್ಲಿ ದೇಶದ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿಸಿತು. ಗೋರವಾಲಾ ಸಮಿತಿ 1954ರಲ್ಲಿ ವರದಿಯಿತ್ತಿತು. ರೈತನ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ 3.1, ವಾಣಿಜ್ಯ ಬ್ಯಾಂಕುಗಳದು 0.9, ಸಾವಕಾರರದು ಸುಮಾರು 70. ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಸಹಕಾರಿ ಸಂಘವನ್ನು ಕಟ್ಟಿ ಅರ್ಧ ಶತಮಾನ ಕಳೆಯುತ್ತ ಬಂದರೂ ದೇಶದ ಸ್ಥಿತಿ ಹೀಗಿತ್ತು. ಕಹಿಯಾದರೂ ಆ ಅಂಕಿ ಸತ್ಯವನ್ನು ಹೇಳಿತು. ಏಕೆಂದರೆ ಅದನ್ನು ಕೇಳಲು ಬ್ಯಾಂಕು ಹಳ್ಳಿಯ ಬಾಗಿಲಿಗೆ ಹೋಗಿತ್ತು.

ಇಂದು ಸ್ಥಿತಿ ಬಹಳ ಸುಧಾರಿಸಿದೆ, ನಿಜ. ಕರ್ನಾಟಕ ಸರಕಾರ ಸಹಕಾರಿ ಸಂಘಗಳ ಮೂಲಕ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ಆದರೆ ಆ ಸಾಲ ಸಾಲದೆ ಹೋದವನು, ಅಥವಾ ಹೊಲವೇ ತನ್ನ ಹೆಸರಿನಲ್ಲಿಲ್ಲದವನು ಕೈಗಡಕ್ಕೆ ಹೋದರೆ ಅಲ್ಲಿಯ ಮಾತು ತಿಂಗಳಿಗೆ ನೂರಕ್ಕೆ ಮೂರು. ಎಂದರೆ ವರ್ಷಕ್ಕೆ ಮೂವತ್ತಾರು. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಮೂವತ್ತಾರು! ಮುಂಬಯಿಯಲ್ಲಿ ರೆಪೊ ಕಾಲು ಶೇಕಡಾ ಇಳಿದಾಗ ಈ ಎರಡರಲ್ಲಿ ಯಾವುದೂ ಅಲುಗುವುದಿಲ್ಲ. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು ಎಂಬುದು, ಬಡ್ಡಿಯ ರಾಜಕಾಲುವೆಯ ನೀರು ಎಲ್ಲ ಮನೆಗಳಿಗೂ ಹರಿಯುತ್ತಿಲ್ಲವೆಂಬುದಕ್ಕೆ ಸಾಕ್ಷಿ.

ಅಂಕಿಗಳಿಗೆ ಬೇರೆ ಮಿತಿಗಳೂ ಉಂಟು. ಒಂದು ತಿಂಗಳ ಬೆಲೆಯ ಲೆಕ್ಕ ಮುಂದಿನ ತಿಂಗಳ 12ನೆಯ ತಾರೀಖಿಗೆ ಬರುತ್ತದೆ. ಉತ್ಪನ್ನದ ಲೆಕ್ಕ ತ್ರೈಮಾಸಿಕ ಮುಗಿದು ಎರಡು ತಿಂಗಳಿಗೆ. ಇಳಿಸಿದ ಬಡ್ಡಿ ಫಲ ಕೊಡಲು ಮತ್ತೆ ಹಲವು ತಿಂಗಳು ಬೇಕು. ನಿನ್ನೆಯ ಬೆಳಕಿನಲ್ಲಿ ನಾಳೆಯ ದಾರಿಯನ್ನು ನಡೆಯುವ ಕೆಲಸವಿದು. 2020ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣ ಬೆಲೆ ಬರೆದುಕೊಳ್ಳುವವರು ಅಂಗಡಿಗೆ ಹೋಗುವುದೇ ನಿಂತಾಗ, ಏಪ್ರಿಲ್ ಮತ್ತು ಮೇ ತಿಂಗಳ ಲೆಕ್ಕವನ್ನು ಅಂದಾಜಿನಿಂದ ತುಂಬಬೇಕಾಯಿತು. ಅಂದೂ ಬಡ್ಡಿಯನ್ನು ನಿರ್ಣಯಿಸಲೇಬೇಕಾಗಿತ್ತು. ಕತ್ತಲೆಯೆಂದು ಒಡ್ಡನ್ನು ಬಿಟ್ಟು ಮನೆಗೆ ಹೋಗಲಾದೀತೆ?

ಹುನಗುಂದದ ನೆರೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಮೊದಲು ಮಂಗಳವೇಡೆಯಲ್ಲಿ ಕರಣಿಕರಾಗಿ, ಆಮೇಲೆ ಬಿಜ್ಜಳನ ಭಂಡಾರಿಗಳಾದರೆಂದು ಪರಂಪರೆ ಹೇಳುತ್ತದೆ. ಲೆಕ್ಕ ಬರೆಯುವ ಕೈಯೇ ದಾಸೋಹದ ಕೈಯೂ ಆಯಿತೆಂಬುದನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಲೆಕ್ಕಕ್ಕೂ ಕರುಣೆಗೂ ಹಗೆತನವಿಲ್ಲವೆಂಬ ಅರ್ಥವನ್ನೂ ಅದರಿಂದ ತೆಗೆಯಬಹುದು. ಲೆಕ್ಕವಿಲ್ಲದ ಕರುಣೆ ಬೇಗನೆ ಬರಿದಾಗುತ್ತದೆ. ಕರುಣೆಯಿಲ್ಲದ ಲೆಕ್ಕ ಯಾರ ಹೊಟ್ಟೆಯನ್ನೂ ಅರಿಯದು.

ಮರುವಾರ ಆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಬ್ಯಾಂಕಿನವರು ತಪ್ಪು ಮಾಡಿದರೆಂದು ನಾನು ಹೇಳಲಾರೆ. ಕೊಳ್ಳುವವನ ಲೆಕ್ಕವನ್ನು ನೋಡಿ ಕೊಡಬೇಕಾದ ನಿರ್ಣಯವನ್ನು ಅವರು ಕೊಟ್ಟರು. ನಿಮ್ಮ ತಂದೆಯ ನಷ್ಟ ಆ ಲೆಕ್ಕದಲ್ಲಿ ಲಾಭವಾಗಿ ಸೇರಿಕೊಂಡಿತು. ಅದನ್ನು ಸರಿಪಡಿಸಬೇಕಾದುದು ಬಡ್ಡಿಯಿಂದಲ್ಲ. ಶೀತಗೃಹದಿಂದ, ಸ್ಥಿರವಾದ ರಫ್ತಿನ ನೀತಿಯಿಂದ, ಬೆಂಬಲ ಬೆಲೆಯ ಪಟ್ಟಿಯಲ್ಲಿ ಹೆಸರಿಲ್ಲದ ಬೆಳೆಗಳಿಗೂ ಒಂದು ಆಸರೆಯಿಂದ. ಆದರೆ ಅವಕ್ಕೆಲ್ಲ ಮೊದಲು ಮಾರುವವನ ಬೆಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಂಡು, ತಿಂಗಳು ತಿಂಗಳು ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಬೇಕು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನಮ್ಮ ಲೆಕ್ಕ ನಾವೂ ಬರದಿಡಬೇಕ್ರಿ ಸರ್” ಎಂದ. ಅಂದಿನಿಂದ ಅವನ ಕನ್ನಡ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಕೋಷ್ಟಕ ಬೆಳೆಯುತ್ತಿದೆ: ಬೀಜ ಇಷ್ಟು, ಗೊಬ್ಬರ ಇಷ್ಟು, ಕೂಲಿ ಇಷ್ಟು, ಲಾರಿ ಇಷ್ಟು, ಬಂದದ್ದು ಇಷ್ಟು. ಕಾಗುಣಿತದಲ್ಲಿ ಅವನು ಇನ್ನೂ ತಪ್ಪುತ್ತಾನೆ. ಕೂಡುವುದರಲ್ಲಿ ತಪ್ಪಿಲ್ಲ.